ಒಡವೆಯೂ ಮನಸ್ಸಾಕ್ಷಿಯೂ



ಒಡವೆ ಎಂದೊಡನೆ ನಮಗೆಲ್ಲ ನೆನಪಾಗುವುದು ತಕ್ಕಡಿ. ಎಷ್ಟು ಗ್ರಾಂ, ಎಷ್ಟು ಕ್ಯಾರೆಟ್ಟು, ಮಜೂರಿ ಎಷ್ಟು, ನಾಳೆ ಮಾರಿದರೆ ಎಷ್ಟು ಕಳೆಯುತ್ತಾರೆ? ಚಿಕ್ಕಪೇಟೆಯ ದೊಡ್ಡ ಅಂಗಡಿಯಲ್ಲಾಗಲಿ, ಹಳ್ಳಿಯ ಅಕ್ಕಸಾಲಿಗನ ಕುಲುಮೆಯ ಮುಂದಾಗಲಿ ಮಾತು ಸಾಗುವುದು ಇದೇ ದಾರಿಯಲ್ಲಿ. ಇದನ್ನು ಲೋಭವೆಂದು ಜರೆಯಬೇಕಾಗಿಲ್ಲ. ಬ್ಯಾಂಕಿನ ಬಾಗಿಲು ಕಾಣದ ಮನೆಗಳಲ್ಲಿ ಹೆಂಗಸಿನ ಕೊರಳು, ಕೈಗಳೇ ಬ್ಯಾಂಕಾಗಿದ್ದವು. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜ ಬಂದದ್ದು, ಮಗನ ಕಾಲೇಜಿನ ಶುಲ್ಕ ಕಟ್ಟಿದ್ದು ಅವಳ ಬಳೆಯಿಂದಲೇ.

ಆ ತಕ್ಕಡಿಯ ಮೇಲೆ ಒಂದು ವಿಚಿತ್ರ ಬಳೆಯನ್ನು ಇಟ್ಟು ನೋಡೋಣ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನೆಲೆಸಿದ ಒಟ್ಟೊ ಕ್ಯುನ್ಸ್ಲಿ ಎಂಬ ಕಲಾವಿದ 1980ರಲ್ಲಿ ಅದನ್ನು ಮಾಡಿದ. ಕಪ್ಪು ರಬ್ಬರಿನ ಕೊಳವೆಯೊಂದನ್ನು ಬಾಗಿಸಿ ಎರಡೂ ತುದಿಗಳನ್ನು ಸೇರಿಸಿದ ಬಳೆ ಅದು. ಒಂದು ಕಡೆ ಮಾತ್ರ ಸಣ್ಣ ಗೋಲಿ ನುಂಗಿದ ಹಾಗೆ ಉಬ್ಬಿದೆ. ಆ ಉಬ್ಬಿನೊಳಗೆ ಇರುವುದು ಚಿನ್ನದ ಗುಂಡು. ಬಳೆಗೆ ಅವನು ಕೊಟ್ಟ ಹೆಸರಿನ ಅರ್ಥ ‘ಚಿನ್ನ ಕುರುಡಾಗಿಸುತ್ತದೆ’ ಎಂದು. ಚಿನ್ನವನ್ನು ನೋಡಲೇಬೇಕೆಂದರೆ ಬಳೆಯನ್ನು ಕತ್ತರಿಸಬೇಕು. ಕತ್ತರಿಸಿದರೆ ಬಳೆ ಉಳಿಯುವುದಿಲ್ಲ. ಒಳಗೆ ಚಿನ್ನವಿದೆ ಎಂಬುದನ್ನು ತೊಟ್ಟವಳೂ ನಂಬಿಕೆಯ ಮೇಲೆಯೇ ಒಪ್ಪಬೇಕು. ಒರೆಗಲ್ಲಿಗೆ ಇಲ್ಲಿ ಕೆಲಸವಿಲ್ಲ.

ಅದೇ ಕಲಾವಿದ ಕೆಲವು ವರ್ಷಗಳ ನಂತರ, 1985-86ರಲ್ಲಿ, ಇನ್ನೂ ಕಠಿಣವಾದ ಒಂದು ಒಡವೆಯನ್ನು ಮಾಡಿದ. ಜನ ತೊಟ್ಟು ಬಿಟ್ಟಿದ್ದ 48 ಹಳೆಯ ಮದುವೆಯ ಉಂಗುರಗಳನ್ನು ಒಂದಕ್ಕೊಂದು ಕೋದು ಮಾಡಿದ ಚಿನ್ನದ ಸರ ಅದು. ತೂಕದಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಕೊರಳಿಗೆ ಹಾಕಿಕೊಳ್ಳುವ ಧೈರ್ಯ ಎಷ್ಟು ಜನರಿಗೆ ಬಂದೀತು? ಒಂದೊಂದು ಉಂಗುರದ ಹಿಂದೆಯೂ ಒಂದು ಸಾವು, ಒಂದು ವಿಚ್ಛೇದನ, ಒಂದು ಬಡತನ ಇದ್ದಿರಬೇಕು. ಗಿರವಿ ಅಂಗಡಿಯಿಂದ ಮರಳದೆ ಉಳಿದ ನಲವತ್ತೆಂಟು ತಾಳಿಗಳನ್ನು ಪೋಣಿಸಿ ಸರ ಮಾಡಿದರೆ ನಮ್ಮ ಮನೆಗಳಲ್ಲಿ ಅದನ್ನು ಯಾರು ಮುಟ್ಟುತ್ತಾರೆ ಎಂದು ಯೋಚಿಸಿದರೆ ಕ್ಯುನ್ಸ್ಲಿಯ ಸರ ಏನು ಕೇಳುತ್ತಿದೆ ಎಂಬುದು ತಿಳಿಯುತ್ತದೆ.

ಆಧುನಿಕ ಒಡವೆ ಕಲೆ ಎಂದು ಯುರೋಪ್ ಮತ್ತು ಅಮೆರಿಕದಲ್ಲಿ ಕರೆಯುವ ಚಳವಳಿ ಹೀಗೆ ಚಿನ್ನದ ಮೇಲಿನ ಜಗಳದಿಂದಲೇ ಬೆಳೆಯಿತು. 1960ರ ದಶಕದ ನೆದರ್ಲೆಂಡ್ಸ್‌ನಲ್ಲಿ ಖೈಸ್ ಬಾಕರ್ ಮತ್ತು ಎಮ್ಮಿ ವಾನ್ ಲಿರ್ಸಮ್ ಎಂಬ ದಂಪತಿ ಅಲ್ಯೂಮಿನಿಯಂ ಹಾಳೆಗಳಿಂದ ಕತ್ತಿನ ಪಟ್ಟಿಗಳನ್ನೂ ಕೈಬಳೆಗಳನ್ನೂ ಮಾಡತೊಡಗಿದರು. 1967ರಲ್ಲಿ ಬಾಕರ್ ಮಾಡಿದ ಒಂದು ಕಂಠಾಭರಣವಂತೂ ಒಲೆಯ ಹೊಗೆ ಹೋಗುವ ಕೊಳವೆಯ ತುಂಡೇ. ಒಡವೆ ಗಂಡನ ಹಣದ ಜಾಹೀರಾತಾಗಬಾರದು, ಯಾರು ಬೇಕಾದರೂ ಕೊಂಡು ತೊಡುವಂತಿರಬೇಕು ಎಂಬುದು ಆ ತಲೆಮಾರಿನ ವಾದ. ವಾದ ಸರಿಯೇ. ಆದರೆ ಆ ಅಗ್ಗದ ಲೋಹದ ಒಡವೆಗಳು ಕೊನೆಗೆ ಹೋಗಿ ಸೇರಿದ್ದು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳನ್ನು, ಕಲಾಸಂಗ್ರಾಹಕರ ಮನೆಗಳನ್ನು. ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ಹೊಗೆ ಕೊಳವೆಯನ್ನು ಕತ್ತಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕಿತ್ತು ಎಂದು ಅವಳನ್ನು ದೂರುವುದೂ ನ್ಯಾಯವಲ್ಲ.

ಒಡವೆಗೂ ಉಳಿದ ಕಲೆಗಳಿಗೂ ಇರುವ ವ್ಯತ್ಯಾಸ ಕಾಣುವುದು ಇಲ್ಲಿಯೇ. ಚಿತ್ರವನ್ನು ಬರೆದು ಗೋಡೆಗೆ ತೂಗುಹಾಕಿದರೆ ಅದು ತನ್ನ ಪಾಡಿಗೆ ತಾನು ಮಾತಾಡುತ್ತದೆ. ಗೋಡೆ ತಕರಾರು ಮಾಡುವುದಿಲ್ಲ. ಒಡವೆಗೆ ಮಾಡಿದವನಲ್ಲದೆ ಇನ್ನೊಬ್ಬರು ಬೇಕು. ಅದನ್ನು ತೊಟ್ಟು ಬಸ್ಸು ಹತ್ತುವವರು, ಕಚೇರಿಗೆ ಹೋಗುವವರು, ನೆಂಟರ ಮದುವೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವವರು ಬೇಕು. ‘ಇದೇನು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರೇ. ಒಡವೆಯಲ್ಲಿ ರಾಜಕೀಯವಿದ್ದರೆ ಅದರ ಫಲ ಉಣ್ಣಬೇಕಾದ ಮೈಯೂ ಅವರದೇ. ಆದ್ದರಿಂದ ಮನಸ್ಸಾಕ್ಷಿಯ ಒಡವೆಗಳ ಕಥೆಯನ್ನು ಕಲಾವಿದರಿಂದ ಆರಂಭಿಸುವುದಕ್ಕಿಂತ ತೊಟ್ಟವರಿಂದ ಆರಂಭಿಸುವುದು ಮೇಲು. ಆ ಕಥೆ ಕ್ಯುನ್ಸ್ಲಿಗಿಂತ ಸುಮಾರು ಇನ್ನೂರು ವರ್ಷ ಹಳೆಯದು.

1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಲೆಂದು ಒಂದು ಸಂಘ ಹುಟ್ಟಿಕೊಂಡಿತು. ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಜೊಸಾಯ ವೆಜ್‌ವುಡ್ ಅದರ ಸಮಿತಿಯಲ್ಲಿದ್ದ. ಸಂಕೋಲೆ ತೊಟ್ಟು ಮಂಡಿಯೂರಿದ ಆಫ್ರಿಕನ್ ಮನುಷ್ಯನೊಬ್ಬ, ತಾನೂ ಮನುಷ್ಯನಲ್ಲವೇ ಸೋದರನಲ್ಲವೇ ಎಂದು ಕೇಳುವ ಪುಟ್ಟ ಪದಕವೊಂದು ಅವನ ಕಾರ್ಖಾನೆಯಲ್ಲಿ ತಯಾರಾಯಿತು. ಬಿಳಿಯ ನೆಲದ ಮೇಲೆ ಕಪ್ಪು ಉಬ್ಬುಚಿತ್ರ. ಮರುವರ್ಷ ಅವನು ಒಂದು ಕಟ್ಟು ಪದಕಗಳನ್ನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಳಿಸಿಕೊಟ್ಟ. ಗಂಡಸರು ಅದನ್ನು ನಶ್ಯದ ಡಬ್ಬಿಯ ಮುಚ್ಚಳಕ್ಕೆ ಕೂರಿಸಿಕೊಂಡರು. ಹೆಂಗಸರು ಕಡಗಕ್ಕೆ, ತಲೆಗೂದಲಿನ ಪಿನ್ನಿಗೆ ಸೇರಿಸಿಕೊಂಡರು. ಈ ವಿವರವನ್ನು ಬರೆದಿಟ್ಟವನು ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್. ಮತದಾನದ ಹಕ್ಕಿಲ್ಲದ, ಸಭೆಯಲ್ಲಿ ಎದ್ದು ಮಾತಾಡುವ ರೂಢಿಯಿಲ್ಲದ ಹೆಂಗಸರಿಗೆ ತಮ್ಮ ನಿಲುವನ್ನು ಹೊರಗೆ ತೋರಿಸಲು ಒಂದು ದಾರಿ ಸಿಕ್ಕಿತು. ಬ್ರಿಟನ್ ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು.

ಪದಕದ ಮಹತ್ವವನ್ನು ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕು. ಅದನ್ನು ತೊಟ್ಟವರಿಗೆ ತಗುಲಿದ ಖರ್ಚು ಕಡಿಮೆ. ಮಂಡಿಯೂರಿದವನು ಮಂಡಿಯೂರಿಯೇ ಇದ್ದ. ಕರುಣೆ ತೋರಿದವರ ಕೈ ಅಂದವಾಗಿ ಕಂಡಿತು. ಚಿತ್ರದಲ್ಲಿರುವವನು ಏಕೆ ಎದ್ದು ನಿಂತಿಲ್ಲ ಎಂದು ಇತಿಹಾಸಕಾರರು ಮುಂದೆ ಕೇಳಿದ್ದು ಸಹಜವೇ.

ಇದಕ್ಕೆ ಹೋಲಿಸಿದರೆ 1909ರ ಹಾಲೊವೇ ಪಿನ್ನಿನ ಕಥೆ ಬೇರೆ. ಮತದಾನದ ಹಕ್ಕು ಕೇಳಿ ಬ್ರಿಟನ್ನಿನ ಬೀದಿಗಿಳಿದ ಹೆಂಗಸರನ್ನು ಉತ್ತರ ಲಂಡನ್ನಿನ ಹಾಲೊವೇ ಜೈಲಿಗೆ ತಳ್ಳುತ್ತಿದ್ದ ಕಾಲ. ಚಿತ್ರಕಲಾವಿದೆಯೂ ಹೋರಾಟಗಾರ್ತಿಯೂ ಆಗಿದ್ದ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಬೆಳ್ಳಿಯ ಪಿನ್ನೊಂದನ್ನು ರೂಪಿಸಿದಳು. ಪಾರ್ಲಿಮೆಂಟಿನ ಲಾಂಛನವಾದ ಕೋಟೆಬಾಗಿಲ ಸರಳುಗಳ ಮೇಲೆ ಕೈದಿಗಳ ಬಟ್ಟೆಗೆ ಹಾಕುತ್ತಿದ್ದ ಬಾಣದ ಗುರುತು. ಆ ಬಾಣಕ್ಕೆ ಚಳವಳಿಯ ನೇರಳೆ, ಬಿಳಿ, ಹಸಿರು ಬಣ್ಣ. ಹಣ ಕೊಟ್ಟು ಕೊಳ್ಳುವ ಪಿನ್ನು ಇದಾಗಿರಲಿಲ್ಲ. ಜೈಲಿಗೆ ಹೋಗಿ ಬಂದವರಿಗೆ ಮಾತ್ರ ಸಲ್ಲುತ್ತಿತ್ತು. ಅದೇ ವರ್ಷ ಉಪವಾಸ ಹೂಡಿದವರಿಗೆ ಒಂದು ಪದಕವೂ ಬಂತು. ಬಲವಂತವಾಗಿ ಕೊಳವೆ ತೂರಿಸಿ ಆಹಾರ ಸುರಿಸಿಕೊಂಡವರ ಪದಕಕ್ಕೆ ಮೂರು ಬಣ್ಣದ ಪಟ್ಟಿ ಸೇರುತ್ತಿತ್ತು. ಸರ್ಕಾರ ಅವಮಾನವೆಂದು ಕೊಟ್ಟ ಗುರುತನ್ನೇ ಅವರು ಎದೆಯ ಮೇಲೆ ಬೆಳ್ಳಿಯಲ್ಲಿ ಧರಿಸಿದರು. ಅಟ್ಲಾಂಟಿಕ್‌ನ ಆಚೆ ಅಮೆರಿಕದ ಹೋರಾಟಗಾರ್ತಿಯರೂ 1917ರಲ್ಲಿ ಇದೇ ಮಾದರಿಯಲ್ಲಿ ಜೈಲಿನ ಬಾಗಿಲಿನ ಪಿನ್ನು ಮಾಡಿಸಿದರು.

ಅಂಗಡಿಯವರೂ ಸುಮ್ಮನಿರಲಿಲ್ಲ. ಚಳವಳಿಯ ಬಣ್ಣದ ಕಲ್ಲುಗಳನ್ನು ಕೂರಿಸಿದ ಒಡವೆಗಳು ಲಂಡನ್ನಿನ ಮಳಿಗೆಗಳಲ್ಲಿ ಮಾರಾಟಕ್ಕೆ ಬಂದವು. ಇಂದಿಗೂ ಹಳೆಯ ವಸ್ತುಗಳ ವ್ಯಾಪಾರಿಗಳು ನೇರಳೆ-ಬಿಳಿ-ಹಸಿರು ಕಲ್ಲಿನ ಯಾವ ಪದಕ ಸಿಕ್ಕರೂ ‘ಮತದಾನ ಹೋರಾಟದ್ದು’ ಎಂದು ಬೆಲೆ ಏರಿಸುತ್ತಾರೆ. ಆ ಬಣ್ಣಗಳು ಆ ಕಾಲದ ಸಾಮಾನ್ಯ ಫ್ಯಾಷನ್ನೂ ಆಗಿದ್ದವು. ಜೈಲಿನ ಪಿನ್ನಿಗೆ ಮಾತ್ರ ಅಂಥ ಗೊಂದಲವಿಲ್ಲ.

ತೊಡುವುದರಲ್ಲಿ ಹೋರಾಟವಿರುವ ಹಾಗೆ ತೆಗೆದುಹಾಕುವುದರಲ್ಲಿಯೂ ಇರುತ್ತದೆ. ಇದನ್ನು ಕಾಣಲು ಲಂಡನ್ನಿಗೆ ಹೋಗಬೇಕಾಗಿಲ್ಲ, ನೆರೆಯ ಕೇರಳಕ್ಕೆ ಹೋದರೆ ಸಾಕು. ತಿರುವಾಂಕೂರು ಸಂಸ್ಥಾನದಲ್ಲಿ ಯಾವ ಜಾತಿಯ ಹೆಂಗಸು ಏನು ತೊಡಬಹುದು, ಏನು ತೊಡಬಾರದು ಎಂಬುದಕ್ಕೆ ಕಟ್ಟುನಿಟ್ಟಾದ ಕಟ್ಟಳೆಗಳಿದ್ದವು. ಕೆಳಜಾತಿಯ ಹೆಂಗಸು ಚಿನ್ನದ ಮೂಗುತಿ ಹಾಕಿದರೆ ಅದನ್ನು ಕಿತ್ತುಹಾಕುತ್ತಿದ್ದರು. 1860ರಲ್ಲಿ ಆರಾಟ್ಟುಪುಳ ವೇಲಾಯುಧ ಪಣಿಕ್ಕರ್ ಎಂಬ ಈಳವ ಜಮೀನ್ದಾರ ಪಂದಳಂ ಪೇಟೆಗೆ ಮೂಗುತಿಗಳನ್ನು ತಂದು ಹೆಂಗಸರಿಗೆ ತೊಡಿಸಿದ ಎಂದು ಕೇರಳದವರು ಇಂದಿಗೂ ನೆನೆಯುತ್ತಾರೆ.

ಪುಲಯ ಹೆಂಗಸರ ಪಾಡು ಇನ್ನೂ ಕೆಳಗಿತ್ತು. ಚಿನ್ನ ಬೆಳ್ಳಿ ಅವರಿಗೆ ನಿಷಿದ್ಧವಾಗಿದ್ದು ಒಂದು ಕಡೆ; ಕಲ್ಲಿನ ಮಣಿಗಳ ಸರವನ್ನು ಅವರು ತೊಡಲೇಬೇಕು ಎಂಬುದು ಇನ್ನೊಂದು ಕಡೆ. ಕೊರಳ ತುಂಬ ತೂಗುವ ಈ ‘ಕಲ್ಲುಮಾಲ’ಗಳು ದೂರದಿಂದಲೇ ಜಾತಿಯನ್ನು ಸಾರಬೇಕಿತ್ತು. ಹೊರನೋಟಕ್ಕೆ ಸರ, ಅಸಲಿಗೆ ಪಟ್ಟ. 1907ರಲ್ಲಿ ಸಾಧುಜನ ಪರಿಪಾಲನ ಸಂಘವನ್ನು ಕಟ್ಟಿದ ಅಯ್ಯಂಕಾಳಿ ಇದನ್ನು ಕಿತ್ತೆಸೆಯಿರಿ ಎಂದು ಕರೆಕೊಟ್ಟರು. ಕೊಲ್ಲಂ ಬಳಿಯ ಪೆರಿನಾಡಿನಲ್ಲಿ 1915ರಲ್ಲಿ ಹೆಂಗಸರು ಸರ ತೆಗೆಯತೊಡಗಿದಾಗ ಮೇಲ್ಜಾತಿಯವರು ಕೆರಳಿದರು. ಹೊಡೆದಾಟವಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು, ಜನ ಊರು ಬಿಟ್ಟು ಓಡಿದರು. ಅಷ್ಟಾದ ಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ಕೊಲ್ಲಂನಲ್ಲಿ ಒಂದು ದೊಡ್ಡ ಸಭೆ ನಡೆಯಿತು. ಮೇಲ್ಜಾತಿಯ ಮುಖಂಡರ ಎದುರಿಗೇ ಹೆಂಗಸರು ಕೊರಳ ಸರಗಳನ್ನು ಕತ್ತರಿಸಿ ರಾಶಿ ಹಾಕಿದರು. ಸರಕ್ಕೆ ಬದಲಾಗಿ ರವಿಕೆ ತೊಡುವ ಹಕ್ಕನ್ನೂ ಅವರು ಅಲ್ಲಿ ಸಾಧಿಸಿಕೊಂಡರು.

ಆ ರಾಶಿಗೆ ತಕ್ಕಡಿಯಲ್ಲಿ ಕಾಸಿನ ಬೆಲೆಯೂ ಇಲ್ಲ. ಆದರೆ ಹಾಲೊವೇ ಪಿನ್ನಿಗಿಂತ ಅದಕ್ಕೆ ತೆತ್ತ ಬೆಲೆ ಹೆಚ್ಚು. ಲಂಡನ್ನಿನ ಹೋರಾಟಗಾರ್ತಿಯರಲ್ಲಿ ಅನೇಕರಿಗೆ ಜೈಲಿನಿಂದ ಹಿಂದಿರುಗಲು ಮನೆಯಿತ್ತು. ಪೆರಿನಾಡಿನವರ ಮನೆಯೇ ಸುಟ್ಟುಹೋಗಿತ್ತು. ಒಡವೆಯ ಇತಿಹಾಸ ಬರೆಯುವ ಯುರೋಪಿನ ಪುಸ್ತಕಗಳಲ್ಲಿ ವೆಜ್‌ವುಡ್ ಪದಕಕ್ಕೆ ಪುಟಗಳು ಮೀಸಲಾಗಿರುತ್ತವೆ. ಕೊಲ್ಲಂನ ಕಲ್ಲುಮಣಿಗಳಿಗೂ ಅಷ್ಟೇ ಜಾಗ ಸಿಗಬೇಕು.

ಇದಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ ಗಾಂಧೀಜಿ ಹರಿಜನ ನಿಧಿಗಾಗಿ ದೇಶ ಸುತ್ತುತ್ತಿದ್ದರು. 1934ರ ಜನವರಿಯಲ್ಲಿ ಮಲಬಾರಿನ ಬಡಗರದಲ್ಲಿ ಕೌಮುದಿ ಎಂಬ ಹದಿನಾರರ ಹುಡುಗಿ ಬಳೆ, ಸರ, ಓಲೆ ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ಕೊಟ್ಟಳು. ಮತ್ತೆ ಒಡವೆ ತೊಡುವುದಿಲ್ಲ ಎಂದಳು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಅವಳ ಬಗ್ಗೆಯೇ ಲೇಖನ ಬರೆದರು. ಮರುತಿಂಗಳು ಅವರು ಕೊಡಗಿಗೆ ಬಂದಾಗ ನಡೆದದ್ದು ಕನ್ನಡಿಗರಿಗೆ ಹೊಸತಲ್ಲ. ಕತೆಗಾರ್ತಿ ಕೊಡಗಿನ ಗೌರಮ್ಮ ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಹಿಡಿದರು. ಬಂದಾಗ ತಮ್ಮ ಒಡವೆಗಳನ್ನು ನಿಧಿಗೆ ಒಪ್ಪಿಸಿದರು. ಆಗ ಅವರಿಗೆ ವಯಸ್ಸು ಇಪ್ಪತ್ತೆರಡರ ಆಸುಪಾಸು. ಒಡವೆ ಹೆಣ್ಣಿನ ಹೆಸರಿನಲ್ಲಿದ್ದ ಒಂದೇ ಆಸ್ತಿಯಾಗಿದ್ದ ಕಾಲದಲ್ಲಿ ಹೀಗೆ ಕೊಡುವುದೆಂದರೆ ನಾಳಿನ ಭದ್ರತೆಯನ್ನೇ ಕೊಟ್ಟ ಹಾಗೆ.

ಒಡವೆ ಬಿಚ್ಚಿ ಕೊಡುವ ಈ ಕ್ರಿಯೆಯನ್ನು ಸರ್ಕಾರಗಳೂ ಬಲ್ಲವು. 1813ರಲ್ಲಿ ನೆಪೋಲಿಯನ್ ವಿರುದ್ಧ ಯುದ್ಧಕ್ಕಿಳಿದ ಪ್ರಷ್ಯದಲ್ಲಿ ರಾಜಕುಮಾರಿ ಮರಿಯಾನೆ ಮತ್ತು ಇತರ ರಾಜಮನೆತನದ ಹೆಂಗಸರು ಚಿನ್ನ ಕೊಡಿ ಎಂದು ಕರೆ ನೀಡಿದರು. ಕೊಟ್ಟವರಿಗೆ ಕಬ್ಬಿಣದ ಉಂಗುರ ಸಿಕ್ಕಿತು. ಸ್ವಲ್ಪ ದಿನದಲ್ಲಿಯೇ ಬರ್ಲಿನ್‌ನಲ್ಲಿ ಕಬ್ಬಿಣ ತೊಟ್ಟವಳಿಗೆ ಗೌರವ, ಚಿನ್ನ ತೊಟ್ಟವಳಿಗೆ ನಾಚಿಕೆ ಎಂಬಂತಾಯಿತು. ಎರಕದ ಕಬ್ಬಿಣದ ನವುರಾದ ಕಸೂತಿಯಂಥ ಸರಗಳು ಆಮೇಲೆ ಯುರೋಪಿನಲ್ಲೆಲ್ಲ ಬೇಡಿಕೆಯ ಒಡವೆಗಳಾದವು. ನೂರಿಪ್ಪತ್ತೆರಡು ವರ್ಷಗಳ ನಂತರ ಮುಸೊಲಿನಿ ಅದೇ ಆಟ ಹೂಡಿದ. ಇಥಿಯೋಪಿಯದ ಮೇಲೆ ದಾಳಿ ಮಾಡಿದ ಇಟಲಿಯ ಮೇಲೆ ರಾಷ್ಟ್ರಗಳ ಒಕ್ಕೂಟ ದಿಗ್ಬಂಧನ ಹಾಕಿತ್ತು. 1935ರ ಡಿಸೆಂಬರ್ 18ರಂದು ಇಟಲಿಯ ಹೆಂಗಸರು ಮದುವೆಯ ಉಂಗುರಗಳನ್ನು ದೇಶಕ್ಕೆ ಅರ್ಪಿಸಿ ಉಕ್ಕಿನ ಉಂಗುರ ಪಡೆದರು. ಮೊದಲಿಗೆ ರಾಣಿ ಎಲೆನಾ ರೋಮಿನಲ್ಲಿ ತನ್ನ ಉಂಗುರ ಕೊಟ್ಟಳು. ಆ ದಿನ ಕೊಡದೆ ಉಳಿದವಳ ಬೆರಳಿನ ಚಿನ್ನ ಅವಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಗೌರಮ್ಮ ಕೊಟ್ಟದ್ದೂ ಒಡವೆಯನ್ನೇ, ರೋಮಿನ ಗೃಹಿಣಿ ಕೊಟ್ಟದ್ದೂ ಒಡವೆಯನ್ನೇ. ಒಬ್ಬರು ತಮ್ಮ ಸಮಾಜದ ಕಟ್ಟಳೆಯ ಎದುರು ನಿಂತು ಕೊಟ್ಟರು. ಇನ್ನೊಬ್ಬಳು ಸರ್ಕಾರದ ಕಣ್ಣೆದುರು ನಿಂತು ಕೊಟ್ಟಳು.

ಐದು ವರ್ಷಗಳ ಬಳಿಕ ನಾರ್ವೆಯನ್ನು ನಾಜಿಗಳು ಆಕ್ರಮಿಸಿಕೊಂಡಾಗ ಅಲ್ಲಿನ ವಿದ್ಯಾರ್ಥಿಗಳು ಕೋಟಿನ ಅಂಚಿಗೆ ಸಿಕ್ಕಿಸಿಕೊಂಡದ್ದು ಕಾಗದ ಹಿಡಿಸುವ ಕ್ಲಿಪ್ಪು. ನಾವೆಲ್ಲ ಒಂದಾಗಿ ಹಿಡಿದುಕೊಂಡಿದ್ದೇವೆ ಎಂಬುದು ಅದರ ಅರ್ಥ. ಕಚೇರಿಯ ಮೇಜಿನ ಮೇಲೆ ಬಿದ್ದಿರುವ ತಂತಿಯ ತುಂಡು ಶಿಕ್ಷೆ ತರುವ ಒಡವೆಯಾಯಿತು. ಇದರ ಪಕ್ಕದಲ್ಲಿ ಅಮೆರಿಕದ ವಿದೇಶಾಂಗ ಸಚಿವೆಯಾಗಿದ್ದ ಮೇಡಲೀನ್ ಆಲ್‌ಬ್ರೈಟ್ ಅವರ ಪ್ರಸಿದ್ಧ ಪಿನ್ನುಗಳನ್ನು ಇಡಬಹುದು. 1994ರಲ್ಲಿ, ವಿಶ್ವಸಂಸ್ಥೆಯಲ್ಲಿ ರಾಯಭಾರಿಯಾಗಿದ್ದಾಗ, ಇರಾಕಿನ ಪತ್ರಿಕೆಗಳು ಸರ್ಪವೆಂದು ಜರೆದದ್ದಕ್ಕೆ ಅವರು ಹಾವಿನ ಪಿನ್ನು ತೊಟ್ಟು ಸಭೆಗೆ ಹೋದರು. ಅದು ಜಾಣತನ, ನೋಡಲು ಸೊಗಸು. 2009ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಪಿನ್ನುಗಳ ಪ್ರದರ್ಶನವೂ ನಡೆಯಿತು. ಆದರೆ ಆ ಹಾವು ಮಾತಾಡುತ್ತಿದ್ದುದು ಲೋಕದ ಅತಿ ಬಲಿಷ್ಠ ಸರ್ಕಾರದ ಪರವಾಗಿ. ನಾರ್ವೆಯ ಹುಡುಗನ ಕ್ಲಿಪ್ಪಿನ ಹಿಂದೆ ಯಾವ ಸರ್ಕಾರವೂ ಇರಲಿಲ್ಲ.

ಏಡ್ಸ್‌ನ ಕೆಂಪು ರಿಬ್ಬನ್ನನ್ನು ಇಲ್ಲಿ ಸೇರಿರುವವರಲ್ಲಿ ಬಹಳ ಮಂದಿ ಕಂಡಿರುತ್ತೀರಿ, ಡಿಸೆಂಬರ್ ಒಂದರಂದು ತೊಟ್ಟೂ ಇರುತ್ತೀರಿ. 1991ರಲ್ಲಿ ನ್ಯೂಯಾರ್ಕಿನ ಕಲಾವಿದರ ಗುಂಪೊಂದು ಅದನ್ನು ರೂಪಿಸಿ ಯಾರ ಹಕ್ಕುಸ್ವಾಮ್ಯವೂ ಇಲ್ಲದಂತೆ ಬಿಟ್ಟುಕೊಟ್ಟಿತು. ಕಾಯಿಲೆಯ ಹೆಸರು ಹೇಳಲೂ ಜನ ಹಿಂಜರಿಯುತ್ತಿದ್ದ ಆ ದಿನಗಳಲ್ಲಿ ಅದನ್ನು ತೊಡಲು ಎದೆ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಅದು ಪ್ರಶಸ್ತಿ ಸಮಾರಂಭಗಳ ಉಡುಪಿನ ಭಾಗವಾಯಿತು. ಅದಕ್ಕೆ ಮತ್ತೆ ಜೀವ ಬಂದದ್ದು ದಕ್ಷಿಣ ಆಫ್ರಿಕದಲ್ಲಿ. ಕ್ವಾಜುಲು-ನಟಾಲ್ ಪ್ರಾಂತದ ಹಳ್ಳಿಗಳಲ್ಲಿ ಹೆಂಗಸರು ಲೈಂಗಿಕ ವಿಷಯಗಳನ್ನು ಬಾಯಿಬಿಟ್ಟು ಆಡಬಾರದು ಎಂಬ ಸಂಪ್ರದಾಯವಿದೆ. ಆದರೆ ಜುಲು ಹೆಂಗಸರಿಗೆ ಮಣಿಗಳ ಬಣ್ಣಗಳಲ್ಲಿ ಪ್ರೀತಿ, ಮುನಿಸು, ವಿರಹಗಳನ್ನು ಪೋಣಿಸಿ ಕಳಿಸುವ ಹಳೆಯ ವಿದ್ಯೆ ಗೊತ್ತಿತ್ತು. 1990ರ ದಶಕದ ಕೊನೆಯಲ್ಲಿ ಡರ್ಬನ್‌ನಲ್ಲಿ ಆರಂಭವಾದ ಸಿಯಾಜಾಮಾ ಎಂಬ ಯೋಜನೆಯಲ್ಲಿ ಅವರು ಅದೇ ಮಣಿಗಳಿಂದ ಏಡ್ಸ್ ಬಗ್ಗೆ ಹೇಳತೊಡಗಿದರು. ಮನೆಮನೆಯಲ್ಲಿ ಸಾವು ಕಂಡವರು ಬಾಯಲ್ಲಿ ಆಡಲಾಗದ್ದನ್ನು ಮಣಿಯಲ್ಲಿ ಪೋಣಿಸಿದರು.

ಅಮೆರಿಕದ ಬಾಲ್ಟಿಮೋರ್ ನಗರದ ಜಾಯ್ಸ್ ಸ್ಕಾಟ್ ಅವರ ಸಾಧನವೂ ಮಣಿಯೇ. 1948ರಲ್ಲಿ ಹುಟ್ಟಿದ ಈ ಕಪ್ಪು ಕಲಾವಿದೆಯ ತಾಯಿ ಎಲಿಜಬೆತ್ ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಸ್ಕಾಟ್ ಮಾಡುವ ಕಂಠಾಭರಣಗಳು ದೂರದಿಂದ ಜಾತ್ರೆಯ ಮಣಿಸರದಂತೆ ಬಣ್ಣಬಣ್ಣವಾಗಿ ಕಾಣುತ್ತವೆ. ಹತ್ತಿರ ಬಂದರೆ ಕಾಣುವುದು ಜನಾಂಗದ್ವೇಷ, ಹೆಣ್ಣಿನ ಮೇಲಿನ ಹಿಂಸೆ. ಮೆಚ್ಚಲು ಬಾಗಿದವರು ಬೆಚ್ಚುತ್ತಾರೆ, ಅಷ್ಟರಲ್ಲಿ ಮಾತು ಆರಂಭವಾಗಿರುತ್ತದೆ. 2016ರಲ್ಲಿ ಅವರಿಗೆ ಮ್ಯಾಕಾರ್ಥರ್ ಫೆಲೋಶಿಪ್ ಬಂತು. ಹೊಗೆ ಕೊಳವೆಯ ಒಡವೆಗಿಂತ ಈ ಸರಗಳು ಹೆಚ್ಚು ಕೆಲಸ ಮಾಡುತ್ತವೆ ಎನ್ನಬೇಕು. ತೊಡುವವರನ್ನು ಹೆದರಿಸದೆ, ನೋಡುವವರನ್ನು ಹತ್ತಿರ ಕರೆದು, ಆಮೇಲೆ ಪ್ರಶ್ನೆ ಕೇಳುವ ಉಪಾಯ ಅವರದು.

ಇಷ್ಟೆಲ್ಲ ಆದರೂ ತಕ್ಕಡಿಯ ಮೇಲಿನ ಚಿನ್ನ ಅಲ್ಲಿಯೇ ಉಳಿದಿದೆ. ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಒಡವೆ ಮಾಡುವವರೇ ಕೇಳತೊಡಗಿದ್ದು ಈಚೆಗೆ. 2004ರಲ್ಲಿ ಅಮೆರಿಕದ ಕೆಲವು ಲೋಹಕಲಾವಿದರು ‘ಎಥಿಕಲ್ ಮೆಟಲ್‌ಸ್ಮಿತ್ಸ್’ ಎಂಬ ಸಂಘ ಕಟ್ಟಿಕೊಂಡು, ಗಣಿಯ ಹೊಲಸನ್ನು ಮುಚ್ಚಿಟ್ಟು ಒಡವೆಯ ಅಂದವನ್ನು ಮಾರುವುದು ಹೇಗೆ ಎಂದು ಕೇಳಿದರು. ಜನರ ಪೆಟ್ಟಿಗೆಯಲ್ಲಿ ಕೊಳೆಯುತ್ತಿರುವ ಹಳೆಯ ಒಡವೆಗಳನ್ನು ಪಡೆದು ಕರಗಿಸಿ ಹೊಸದು ಮಾಡುವ ಕಾರ್ಯಕ್ರಮವನ್ನೂ 2007ರಿಂದ ನಡೆಸಿದರು. ನಮಗೆ ಇದರಲ್ಲಿ ಹೊಸತೇನಿದೆ ಎನಿಸುವುದು ಸಹಜ. ಅಜ್ಜಿಯ ಕಾಸಿನ ಸರ ಕರಗಿ ಮೊಮ್ಮಗಳ ನೆಕ್ಲೇಸ್ ಆಗುವುದು ನಮ್ಮ ಅಕ್ಕಸಾಲಿಗರ ದಿನನಿತ್ಯದ ಕೆಲಸ. ಆದರೂ ಭಾರತ ವರ್ಷಕ್ಕೆ ನೂರಾರು ಟನ್ ಚಿನ್ನವನ್ನು ಹೊರಗಿನಿಂದ ತರಿಸುತ್ತದೆ. ಲೋಕದ ಸಣ್ಣ ಗಣಿಗಳಲ್ಲಿ ಚಿನ್ನವನ್ನು ಬೇರ್ಪಡಿಸಲು ಬಳಸುವ ಪಾದರಸ ಗಾಳಿ, ನೀರು, ಕೂಲಿಕಾರರ ಮೈ ಸೇರುತ್ತದೆ. ಅದನ್ನು ತಡೆಯುವ ಮಿನಾಮಾಟ ಒಪ್ಪಂದ ಜಾರಿಗೆ ಬಂದದ್ದೇ 2017ರಲ್ಲಿ.

ಕನ್ನಡ ನಾಡಿಗೆ ಈ ಪ್ರಶ್ನೆ ದೂರದ್ದಲ್ಲ. 1880ರ ದಶಕದಿಂದ 2001ರ ಫೆಬ್ರುವರಿಯವರೆಗೆ ಕೋಲಾರದ ಚಿನ್ನದ ಗಣಿಗಳು ನಡೆದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಒಳಗೆ ಬಂಡೆ ಸಿಡಿದು ಸತ್ತವರು, ಕಲ್ಲಿನ ದೂಳಿನಿಂದ ಶ್ವಾಸಕೋಶ ಕೆಟ್ಟವರು ಎಷ್ಟೋ ಮಂದಿ. ಅವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತ ಕುಟುಂಬಗಳವರು. ಆ ಚಿನ್ನವನ್ನು ತೊಟ್ಟವರಲ್ಲಿ ಅವರ ನೆನಪಿಗೆಂದು ಏನನ್ನಾದರೂ ತೊಟ್ಟವರು ಯಾರಿದ್ದಾರೆ? ಅಲ್ಲಿನ ಅದಿರನ್ನು ಸೈನೈಡಿನಿಂದ ತೊಳೆದು ಉಳಿದ ಹುಡಿಯ ದಿಬ್ಬಗಳು ಇಂದಿಗೂ ಊರಿನ ನಡುವೆ ನಿಂತಿವೆ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಹುಡಿ ಎದ್ದು ಗಣಿಗಾರರ ಸಾಲುಮನೆಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಬೀಳುತ್ತದೆ.